ಹರಿಹರದ ಅಕ್ಕನಿಗೆ ಓದಿ ಹೇಳಿದ ಪುಟ

ಜೀವನಚರಿತ್ರೆ ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮಾತು ತಪ್ಪಿಸುತ್ತೇನೆ. ಬರೆದದ್ದು ಒಂದೇ, ಅದರಲ್ಲೂ ಮೋಸ ಮಾಡಿದ್ದೇನೆ.

ಐವತ್ತರ ದಶಕದ ಕೊನೆ ಇರಬೇಕು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ದಾವಣಗೆರೆಗೆ ಮರಳಿದ್ದೆ. ಅರಳೆ ವ್ಯಾಪಾರದ ಸಾಹುಕಾರರೊಬ್ಬರಿಗೆ ಅರವತ್ತು ತುಂಬಲಿತ್ತು. ಅವರ ಚರಿತ್ರೆ ಬರೆಯುವ ಕೆಲಸ ನನಗೆ ಬಂತು. ದಾಖಲೆ ಇಲ್ಲದ ಒಂದು ಸಾಲನ್ನೂ ಬರೆಯುವುದಿಲ್ಲ ಎಂದು ಜಂಬದಿಂದ ಹೇಳಿದ್ದೆ.

ತಾಯಿಯಿಲ್ಲದ ಅವರನ್ನು ಸಾಕಿದ ಅಕ್ಕ ಹರಿಹರದಲ್ಲಿದ್ದರು. ವಿಧವೆ, ಅಕ್ಷರ ಬಾರದು. ನಾನು ಹೋದಾಗ ಚಿಟಿಕೆ ಅರಳೆಯನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು ತೋರಿಸಿದರು. ಎಳೆಯ ಉದ್ದ ನೋಡಿ ಮಾಲಿನ ಗುಣ ಹೇಳುವ ರೀತಿ ಅದು.

"ಇದನ್ನ ಅವನಿಗೆ ಕಲ್ಸಿದ್ದು ನಾನು. ನಮ್ಮಪ್ಪ ನನಗೆ ಕಲ್ಸಿದ್ದ. ಬ್ಯಾರೇನೂ ಬ್ಯಾಡಪ್ಪ, ಇದೊಂದು ಬರಿ."

ಸಾಹುಕಾರರನ್ನು ಕೇಳಿದೆ. "ಅಕ್ಕಗೆ ವಯಸ್ಸಾಗೈತ್ರಿ," ಎಂದು ನಕ್ಕರು. ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಕಾಗದದ ಆಧಾರವಿಲ್ಲವೆಂದು ಬಿಟ್ಟೆ. ಸಾಹುಕಾರರಿಗೆ ಬೇಸರವಾದೀತೆಂಬ ಅಂಜಿಕೆಯೂ ಇತ್ತೇ? ಇತ್ತೆಂದು ಈಗ ಅನ್ನಿಸುತ್ತದೆ. ಆ ನೆನಪನ್ನೂ ಪೂರ್ತಿ ನಂಬಲಾರೆ.

ಪುಸ್ತಕ ಅಚ್ಚಾದ ಮೇಲೆ ಅಕ್ಕನಿಗೊಂದು ಪ್ರತಿ ಒಯ್ದೆ. "ನಾ ಎಲ್ಲಿದೀನಿ, ಓದು," ಎಂದರು. ಯಾವುದೋ ಪುಟ ತೆರೆದು ಅಲ್ಲಿಲ್ಲದ್ದನ್ನು ಸರಾಗವಾಗಿ ಓದಿಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಆ ಪುಟದ ಮೂಲೆ ಮಡಚಿದರು.

ಮರುವರ್ಷ ಮದುವೆಯೊಂದಕ್ಕೆ ಹರಿಹರಕ್ಕೆ ಹೋದವನನ್ನು ಮನೆಗೆ ಕರೆಸಿದರು. ಪಡಸಾಲೆಯಲ್ಲಿ ನೆರೆಮನೆಯ ಹೆಂಗಸರು ಕೂತಿದ್ದರು.

"ಇವನೇ ನೋಡ್ರೇ, ನನ್ನ ಬಗ್ಗೆ ಬರ್ದೋನು. ಓದಪ್ಪ, ಇವರು ನಂಬಂಗಿಲ್ಲ."

"ನನ್ನ ಮಗಳು ಪುಸ್ತಕ ಪೂರ್ತಿ ಹುಡುಕ್ಯಾಳೆ. ಎಲ್ಲೂ ಇಲ್ಲ ಅಂತಾಳೆ," ಎಂದಳು ಒಬ್ಬಳು.

"ನಿನ್ನ ಮಗಳಿಗೆ ಇನ್ನೂ ಒತ್ತಕ್ಷರ ಬರಂಗಿಲ್ಲ, ಸುಮ್ನಿರೇ!"

ಎಲ್ಲರೂ ನಕ್ಕರು. ಮೂಲೆ ಮಡಚಿದ ಪುಟ ತೆರೆದೆ. ಹಿಂದೆ ಏನು ಓದಿದ್ದೆನೋ ನೆನಪಿಗೇ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

"ಅವತ್ತು ಹಿಂಗಿರಲಿಲ್ಲ," ಎಂದು ಅಕ್ಕ ತಡೆದು, ಹಿಂದಿನ ವಾಕ್ಯಗಳನ್ನು ಒಂದೊಂದಾಗಿ ಒಪ್ಪಿಸಿದರು. ಕೇಳುತ್ತಿದ್ದಂತೆ ಅವು ನಾನು ಕಟ್ಟಿದ ಮಾತುಗಳೇ ಎಂದು ಗುರುತು ಹತ್ತಿತು. ಅವರು ನಡುವೆಯೇ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ತಲೆ ಎತ್ತಲಿಲ್ಲ.

ಅಕ್ಕ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿದರು. ಹೆಂಗಸರ ಕಡೆ ತಿರುಗಿ, "ಪಾಪ, ಚಸ್ಮಾ ಬಿಟ್ಟು ಬಂದಾನೆ," ಎಂದರು.

ಆಗಿನ್ನೂ ನಾನು ಕನ್ನಡಕ ಹಾಕುತ್ತಿರಲಿಲ್ಲ.