ಬಸ್ಸಿನ ಬೆನ್ನ ಮೇಲೆ ಅಕ್ಕನ ನಗು

ನಾನು ಕೊಪ್ಪಳದಿಂದ ಕುಕನೂರಿನ ಮೇಲೆ ಯಲಬುರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಅಕ್ಕನನ್ನು ಅದೇ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅವಳಿರುವ ಕೆಳಗಿನ ಓಣಿಯಲ್ಲಿ ಮನೆ ಮನೆಗೂ ನಳ ಕೂಡಿಸಿ ಹೋಗಿದ್ದರು. ನೀರು ಮಾತ್ರ ಬಂದಿರಲಿಲ್ಲ. ಆಗಾಗ ಬರುವ ಟ್ಯಾಂಕರಿನ ನೀರಿನಲ್ಲೇ ಓಣಿಯವರು ದಿನ ದೂಡುತ್ತಿದ್ದರು.

ಒಂದು ದಿನ ಸರ್ಕಾರದ ಪ್ರಚಾರಕ್ಕೆಂದು ಫೋಟೊ ತೆಗೆಯುವವರು ಬಂದರು. ಅವರು ಬರುವ ಮುಂಚೆಯೇ ಟ್ಯಾಂಕರಿನಿಂದ ನಳಗಳಿಗೆ ನೀರು ಬಿಡುವ ಊರಿನ ಎತ್ತರದ ತೊಟ್ಟಿಗೆ ನೀರು ಏರಿಸಿದ್ದರು. ಅಕ್ಕನ ಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು, ಅಂಗಳದಲ್ಲಿ ಬೆಳಕೂ ಚೆನ್ನಾಗಿತ್ತು. ಅದಕ್ಕೆ ಅವಳನ್ನೇ ಆರಿಸಿ, ಒಳ್ಳೆಯ ಸೀರೆ ಉಟ್ಟು ಬರಲು ಹೇಳಿದರು. ನಳ ತಿರುವಿದಾಗ ಮೊದಲು ಬರೀ ಗಾಳಿ, ಆಮೇಲೆ ಕೆಂಪು ನೀರು, ಕೊನೆಗೆ ತಿಳಿನೀರು ಬಂತು. ಅಕ್ಕ ಕೊಡ ಹಿಡಿದು ನಕ್ಕಳು.

"ಅವ್ರು ನಗ್ರಿ ಅಂದಿದ್ದಕ್ಕ ನಕ್ಕಿಲ್ಲ ತಮ್ಮಾ. ಖರೇನ ನಗಿ ಬಂತು. ಇನ್ನ ದಿನಾ ಬರ್ತೈತಿ ಅನ್ಕೊಂಡೆ," ಎಂದು ಅವಳು ಆಮೇಲೆ ನನಗೆ ಹೇಳಿದಳು.

ಅವರ ಜೀಪು ಊರು ದಾಟುವಷ್ಟರಲ್ಲಿ ನೀರು ನಿಂತಿತ್ತು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಡಿಪೋಗೆ ಹೋದಾಗ ನನ್ನ ಬಸ್ಸಿನ ಹಿಂಭಾಗದ ತುಂಬ ಅಕ್ಕ ಇದ್ದಳು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ, ನಮ್ಮ ಮನೆಗೂ ನೀರು ಬಂತು ಎಂದು ಬರೆದಿತ್ತು. ನನಗೆ ಹೆಮ್ಮೆಯೇ ಆಯಿತು. ಡ್ರೈವರನ್ನು ಕರೆದು ತೋರಿಸಿದೆ.

ಬೇಸಿಗೆ ಬಂದಾಗ ಆ ಓಣಿಗೆ ಟ್ಯಾಂಕರ್ ಬರುವುದು ನಿಂತಿತು. ಕೇಳಲು ಹೋದವರಿಗೆ, ನಿಮ್ಮ ಓಣಿಗೆ ನಳದ ನೀರು ಬರುತ್ತಿದೆಯೆಂದು ವರದಿ ಹೋಗಿದೆ ಎಂಬ ಉತ್ತರ ಸಿಕ್ಕಿತು. ಹೆಂಗಸರು ನೇರವಾಗಿ ಅಕ್ಕನ ಅಂಗಳಕ್ಕೆ ಬಂದರು.

"ನೀ ಹಲ್ಲ ಕಿಸದಿ, ನಮ್ಮ ನೀರು ಹೋತು," ಎಂದಳು ಎದುರುಮನೆಯವಳು. ಅವಳೂ ಅಕ್ಕನೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು.

ಅಕ್ಕನನ್ನು ಕರೆದುಕೊಂಡು ನಾನು ತಾಲ್ಲೂಕಿನ ಕಚೇರಿಗೆ ಹೋದೆ. ಸಾಹೇಬರು ಸಿಟ್ಟಿನವರೇನಲ್ಲ. ಕೂರಿಸಿದರು, ಚಹಾ ತರಿಸಿದರು. ಅಕ್ಕ ಎಲ್ಲವನ್ನೂ ಹೇಳಿದ ಮೇಲೆ ತಮ್ಮ ಫೋನಿನಲ್ಲಿ ಅದೇ ಫೋಟೊ ತೆಗೆದು ಅವಳ ಮುಂದೆ ಹಿಡಿದರು.

"ಇವ್ರು ನೀವ ಅಲ್ರೀ ಅಕ್ಕಾರ?"

"ನಾನರೀ."

"ನೀರು ಬರಾಕತ್ತೈತಲ್ರೀ ಮತ್ತ."

ನಾನು ನಡುವೆ ಬಾಯಿ ಹಾಕಿದೆ. ಅವರು ನನ್ನ ಖಾಕಿ ಅಂಗಿ ನೋಡಿ, "ನೀವೂ ಸರ್ಕಾರದ ಅನ್ನ ಉಣ್ಣೋರು. ಸ್ವಲ್ಪ ತಿಳ್ಕೋರಿ," ಎಂದರು. ಚಹಾ ಹಾಗೇ ಬಿಟ್ಟು ಎದ್ದೆವು.

ನನ್ನ ಬಸ್ಸಿನಲ್ಲಿ ಓಡಾಡುವ, ಪತ್ರಿಕೆಗೆ ಸುದ್ದಿ ಬರೆಯುವ ಹುಡುಗನೊಬ್ಬನಿದ್ದ. ಅವನಿಗೆ ಹೇಳಿದೆ. ಬಿಸಿಲಲ್ಲೇ ಆ ಊರಿಗೆ ಬಂದು, ಒಣ ನಳ ತಿರುವಿ ನೋಡಿ, ಹೆಂಗಸರ ಮಾತನ್ನೆಲ್ಲ ಬರೆದುಕೊಂಡ. ಎರಡು ದಿನ ಬಿಟ್ಟು ಪತ್ರಿಕೆಯ ಮೂಲೆಯಲ್ಲಿ ಸಣ್ಣ ಸುದ್ದಿ ಬಂತು. ಸಣ್ಣ ತಾಂತ್ರಿಕ ತೊಂದರೆಯಿಂದ ನೀರು ತಾತ್ಕಾಲಿಕವಾಗಿ ನಿಂತಿದ್ದು, ಶೀಘ್ರವೇ ಸರಿಪಡಿಸಲಾಗುವುದು ಎಂದು ಅಧಿಕಾರಿಗಳು ತಿಳಿಸಿದ್ದಾರೆ ಎಂದಿತ್ತು. ಹೆಂಗಸರ ಮಾತು ಒಂದೂ ಇರಲಿಲ್ಲ. ಅದೇ ಪುಟದ ಕೆಳಗಿನ ಅರ್ಧದಲ್ಲಿ ಅಕ್ಕ ನಗುತ್ತಿದ್ದಳು.

ಮರುದಿನ ಆ ಹುಡುಗ ಬಸ್ಸು ಹತ್ತಿದ. ನಾನು ಟಿಕೆಟ್ ಹರಿದು ಕೊಟ್ಟೆ.

"ನಾ ಬರದದ್ದ ಬ್ಯಾರೆ ಇತ್ತಣ್ಣಾ," ಎಂದ. "ಆಫೀಸಿನ್ಯಾಗ ಅವ್ರು ಕಳಿಸಿದ್ದನ್ನ ಹಾಕ್ಯಾರ. ಜಾಹೀರಾತು ನಿಂತ್ರ ನಮ್ಮ ಪೇಪರ್ ನಿಂತಂಗ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಮಾತಾಡುವುದನ್ನು ನಾನೇ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸೋಣವೆಂದು ಅವಳ ಮನೆಗೆ ಹೋದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಬ್ಯಾಡ ತಮ್ಮಾ. ನನ್ನ ಮಾರಿ ನೋಡಿ ನೋಡಿ ಮಂದಿಗೆ ಸಾಕಾಗೈತಿ. ನನಗೂ ಸಾಕಾಗೈತಿ."

ಈಗ ಆ ಓಣಿಯವರು ಹೊಲದ ಬೋರಿನಿಂದ ನೀರು ತರುತ್ತಾರೆ. ಬೆಳಿಗ್ಗೆ ಗುಂಪಾಗಿ ಹೋಗುವಾಗ ಅಕ್ಕನನ್ನು ಯಾರೂ ಕರೆಯುವುದಿಲ್ಲ. ಅವಳು ಮಧ್ಯಾಹ್ನ ಸುಡುವ ಬಿಸಿಲಲ್ಲಿ, ಅಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋಗುತ್ತಾಳೆ.