ಮೀಟರಿಗೆ ಹೂ ಮುಡಿಸಿದ್ದು

ನೀರಿನ ವೇಗ ಅಳೆಯುವುದನ್ನೇ ಓದಿಕೊಂಡ ನನಗೆ ಸ್ನಾನದ ಬಕೆಟ್ಟು ಯಾವಾಗ ತುಂಬುತ್ತದೆಂದು ಇಂದಿಗೂ ಗೊತ್ತಾಗುವುದಿಲ್ಲ. ತುಂಬಿ ಹರಿದ ಮೇಲೆ ಹೆಂಡತಿ ಕೂಗಿ ಹೇಳುತ್ತಾಳೆ. ಇಂಥವನು ಸಂಶೋಧಕ, ನೋಡಿ!

ನನ್ನ ಬಳಿ ಒಂದು ಮೀಟರಿತ್ತು. ಕೋಲಿನ ತುದಿಗೆ ಅಂಗೈಯಗಲದ ಫ್ಯಾನು; ಹರಿವ ನೀರಲ್ಲಿಟ್ಟರೆ ತಿರುಗುತ್ತದೆ, ಸುತ್ತು ಎಣಿಸಿದರೆ ವೇಗ ಸಿಗುತ್ತದೆ. ಆದರೆ ನಮ್ಮ ಮಧುಗಿರಿ ಸೀಮೆಯಲ್ಲಿ ಅಳೆಯುವ ಯಂತ್ರ ಸಿಕ್ಕಷ್ಟು ಸಲೀಸಾಗಿ ಅಳೆಸಿಕೊಳ್ಳುವ ನೀರು ಸಿಗಬೇಕಲ್ಲ! ಮೂರು ವರ್ಷ ಕಾದ ಮೇಲೆ ಪುರವರದ ಹತ್ತಿರದ ಕೆರೆಯೊಂದು ತುಂಬಿ, ಒಂದು ದಿನದ ಮಟ್ಟಿಗೆ ತೂಬು ಎತ್ತುತ್ತಾರೆಂದು ಸುದ್ದಿ ಬಂತು. ಅಂದು ಅಳತೆ ತಪ್ಪಿದರೆ ಊರ ಕಾಲುವೆಗಳ ಮೇಲಿನ ನನ್ನ ಪ್ರಬಂಧ ಮುಗಿಯುವಂತೆಯೇ ಇರಲಿಲ್ಲ.

ಹೆದರಿಕೆಗೆ, ಹಿಂದಿನ ದಿನ ಮೀಟರಿಗೆ ಪೂಜೆ ಮಾಡಿದೆ. ಆಯುಧಪೂಜೆಗೆ ಟ್ರ್ಯಾಕ್ಟರಿಗೂ ತಕ್ಕಡಿಗೂ ಹೂ ಮುಡಿಸುವ ಊರಲ್ಲಿ ಹುಟ್ಟಿದವನು ನಾನು. ಫ್ಯಾನಿನ ಕುತ್ತಿಗೆಗೆ ಎರಡು ಮೊಳ ಸೇವಂತಿಗೆ ಸುತ್ತಿ ಕೈಮುಗಿದೆ.

ಬೆಳಿಗ್ಗೆ ಹೂವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಮೊಣಕಾಲುದ್ದದ ನೀರಿಗಿಳಿದೆ. ಕಾಲುವೆ ಭರ್ರೆಂದು ಹರಿಯುತ್ತಿದೆ, ಮೀಟರು ಮಾತ್ರ ಸೊನ್ನೆ ತೋರಿಸುತ್ತಿದೆ. ಹೂವಿನ ದಾರದ ಒಂದೆಳೆ ಫ್ಯಾನಿನೊಳಗೆ ಸಿಕ್ಕಿಕೊಂಡಿತ್ತು. ಎಳೆದೆ. ದಾರದ ಜೊತೆಗೆ ಫ್ಯಾನೂ ಕಿತ್ತು ಬಂದು ನೀರುಪಾಲಾಯಿತು. ಸುಳ್ಳೇಕೆ, ಅಳು ಬಂತು.

ದಡದಲ್ಲಿ ಕೂತಿದ್ದವರು ನಿಂಗಮ್ಮ. ಆ ಕೆರೆಯ ನೀರನ್ನು ಹೊಲಗಳಿಗೆ ಹಂಚುವ ನೀರುಗಂಟಿ ಮನೆತನದವರು.

"ಹೂವ ಮುಡ್ಸೋ ನೆಪದಾಗೆ ಅದರ ಕೈಕಾಲೇ ಕಟ್ಟಾಕ್ಬುಟ್ರಲ್ಲ ಸ್ವಾಮಿ!" ಎಂದು ನಕ್ಕರು. "ಜೇಬ್ನಾಗೈತಲ್ಲ ಹೂವು, ಅದನ್ನೇ ನೀರಿಗೆ ಬುಡಿ. ನಾವು ನೋಡೋದೇ ಅಂಗೆ. ನಾನೊಂದು ಎಲೆ ಮಡಿಸಿ ಬಾಯಿಗಾಕ್ಕಳೋದ್ರೊಳಗೆ ಹೂವು ಆ ಕಲ್ಲು ದಾಟ್ಬೇಕು. ದಾಟಿದ್ರೆ ಕೊನೇ ಹೊಲಕ್ಕೂ ನೀರು ಹೋಯ್ತದೆ ಅಂತ ಲೆಕ್ಕ."

ತೇಲಿಬಿಟ್ಟು ವೇಗ ಅಳೆಯುವುದು ನಮ್ಮ ಪುಸ್ತಕದಲ್ಲೂ ಮೊದಲ ಪಾಠವೇ. ಮೀಟರು ಕೈಗೆ ಬಂದ ಜಂಬದಲ್ಲಿ ಅದನ್ನು ಮರೆತಿದ್ದೆ. ಟೇಪು ಹಿಡಿದು ಹತ್ತು ಮೀಟರು ಗುರುತು ಮಾಡಿ, ಗಡಿಯಾರ ನೋಡುತ್ತ ಒಂದೊಂದೇ ಹೂ ಬಿಟ್ಟೆ. ನಿಂಗಮ್ಮನಿಗೆ ನನ್ನ ಗಡಿಯಾರದ ಮೇಲೆ ನಂಬಿಕೆಯಿಲ್ಲ. ಪ್ರತಿ ಸಲವೂ ಎಲೆ ಮಡಿಸಿದರು. ಜೇಬಿನ ಹೂ, ಅವರ ಸಂಚಿಯ ಎಲೆ, ಕಾಲುವೆಯ ನೀರು ಮೂರೂ ಸಂಜೆಗೆ ಒಟ್ಟಿಗೇ ಮುಗಿದವು.

ಪ್ರಬಂಧದಲ್ಲಿ 'ಬಳಸಿದ ಉಪಕರಣ' ಎಂಬಲ್ಲಿ 'ಸೇವಂತಿಗೆ' ಎಂದೇ ಬರೆದೆ. ಮಾರ್ಗದರ್ಶಕರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಯಾವ ಕಂಪನಿಯದು?' ಎಂದು ಕೇಳಿ, ಆಮೇಲೆ ಸಹಿಯನ್ನೂ ಹಾಕಿದರು.

ಈಗ ಹೊಸ ಮೀಟರು ಬಂದಿದೆ. ಅದಕ್ಕೂ ಪೂಜೆ ತಪ್ಪಿಸುವುದಿಲ್ಲ. ಕುಂಕುಮವಷ್ಟೇ ಇಡುತ್ತೇನೆ, ಹೂವು ನನ್ನ ಜೇಬಿನಲ್ಲೇ ಇರುತ್ತದೆ.