ಮಗುವನ್ನು ಕೊಟ್ಟದ್ದು ನಾನೇ

ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವ ಹೆದ್ದಾರಿಯ ಪಕ್ಕ, ಚಿರೆಕಲ್ಲು ಕಡಿದು ಬಿಟ್ಟಿದ್ದ ಒಂದು ಗುಡ್ಡದ ಮೇಲೆ ಆಗ ಒಂದು ಪಾರ್ಕು ತೆರೆದಿದ್ದರು. ಸಿಮೆಂಟಿನ ಡೈನೋಸಾರ್, ಸಿಮೆಂಟಿನ ಆನೆ, ಬಾಯಿಂದ ನೀರು ಬಿಡುವ ಮೊಸಳೆ, ಪುಟ್ಟ ರೈಲು, ಎಲ್ಲರೂ ಕೊಲಂಬಸ್ ಎಂದು ಕರೆಯುತ್ತಿದ್ದ ತೂಗುವ ಹಡಗು. ಈಗ ಅದು ಯಾವುದೂ ಇಲ್ಲ. ಆದರೂ ಬಸ್ಸಿನಲ್ಲಿ ಆ ತಿರುವು ಬಂದಾಗ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತೇನೆ.

ಮಗನಿಗೆ ಎರಡೂವರೆ ವರ್ಷ. ಕುಮಟಾ ಪಕ್ಕದ ಹೊಳನಗದ್ದೆಯಲ್ಲಿ ನಾನು, ಅವನು, ನನ್ನ ಅತ್ತೆ ಇದ್ದೆವು. ಗಂಡ ಗೋವಾದಲ್ಲಿ ಕೆಲಸದಲ್ಲಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಈ ಭಾನುವಾರ ಬಂದು ಪಾರ್ಕಿಗೆ ಕರೆದೊಯ್ಯುತ್ತೇನೆಂದು ಫೋನಿನಲ್ಲಿ ಮಗನಿಗೇ ಹೇಳಿದ್ದರು. ಶನಿವಾರ ರಜೆ ಸಿಗಲಿಲ್ಲ ಎಂದು ಇನ್ನೊಂದು ಫೋನ್ ಬಂತು. ಮಗುವಿಗೆ ಅದು ಹೇಗೆ ತಿಳಿಯಬೇಕು? ಬೆಳಿಗ್ಗೆ ಎದ್ದವನೇ ಚಪ್ಪಲಿ ಉಲ್ಟಾ ಹಾಕಿಕೊಂಡು ಬಾಗಿಲಲ್ಲಿ ಕೂತ.

"ಒಬ್ಳೇ ಎಂತಕ್ಕೆ ಹೋಗುದು? ಮುಂದಿನ ತಿಂಗ್ಳು ಅಂವ ಬಂದ್ಮೇಲೆ ಹೋದ್ರಾತು," ಅಂದರು ಅತ್ತೆ.

"ಒಂದು ಪಾರ್ಕಿಗೆ ಹೋಗಿ ಬರೂಕೆ ಗಂಡ್ಸು ಬೇಕಾ ಅತ್ತೆ?"

"ನೀ ಕಾಲೇಜು ಕಲ್ತವ್ಳು ಮಾರಾಯ್ತಿ. ನಿಂಗೆ ಹೇಳೂಕೆ ನಾ ಯಾರು?"

ಅವರು ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿದರು.

ಮೇ ತಿಂಗಳ ಬಿಸಿಲು. ಗುಡ್ಡದ ಮೇಲೆ ಒಂದು ಮರದ ನೆರಳಿಲ್ಲ, ಕೆಂಪು ಧೂಳು. ಡೈನೋಸಾರಿನ ಬಾಲದಲ್ಲಿ ಸಿಮೆಂಟು ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಮಗ ಅದನ್ನು ನೋಡಿ ಹೆದರಲಿಲ್ಲ, ಮೊಸಳೆಗೂ ಹೆದರಲಿಲ್ಲ. ರೈಲಿನಲ್ಲಿ ಎರಡು ಸಲ ಕೂತ. ಆಮೇಲೆ ಹಡಗು ಕಂಡಿತು. "ಅದು, ಅದು" ಎಂದು ನನ್ನ ಕತ್ತನ್ನು ಆ ಕಡೆ ತಿರುಗಿಸಿದ.

ಇಡಗುಂಜಿಯ ಗಣಪತಿಗೆ ಹೋಗಿ ಬಂದವರ ಟೆಂಪೋಗಳು ಆ ಹೊತ್ತಿಗೆ ಬಂದು ನಿಂತಿದ್ದವು. ಹಡಗಿನ ಸರತಿಯಲ್ಲಿ ನನ್ನ ಮುಂದೆ ನಿಂತಿದ್ದವಳು ಅಂಥದೊಂದು ಟೆಂಪೋದವಳು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಹಣೆಗೆ ಕುಂಕುಮ, ಕೈ ತುಂಬ ಹಸಿರು ಗಾಜಿನ ಬಳೆ. ಕಾಗದದ ಪೊಟ್ಟಣ ಬಿಚ್ಚಿ ಮಗನ ಅಂಗೈಗೆ ಒಂದು ಚೂರು ಪಂಚಕಜ್ಜಾಯ ಹಾಕಿದಳು.

"ಎಂತ ಹೆಸ್ರು ನಿಂದು? ಹೇಳೂದಿಲ್ವಾ? ಬಾಯಲ್ಲಿ ಎಂತ, ಬೀಗವಾ?" ಅಂದಳು. ಅವನು ನಕ್ಕ.

ಮಗು ಸಣ್ಣದು, ಬಿಡುತ್ತೀರಾ ಎಂದು ಹಡಗು ನಡೆಸುವವನನ್ನು ನಾನು ಕೇಳಿದ್ದೆ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಮಧ್ಯವಯಸ್ಸಿನ ಗಂಡಸು, ಹೆಗಲ ಮೇಲೆ ಟವೆಲ್ಲು. "ಮಡಿಲಲ್ಲಿ ಗಟ್ಟಿ ಹಿಡ್ಕಂಡ್ರೆ ಆತು," ಅಂದ. ನಾನು ಒಪ್ಪಿದೆ. ಭೌತಶಾಸ್ತ್ರ ಓದಿದವಳು ನಾನು. ಲೋಲಕದ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು.

ಗೇಟು ತೆರೆದದ್ದೇ ಜನ ನುಗ್ಗಿದರು. ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಮತ್ತು ಕೊಡೆ ಹಿಡಿದು ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಬೆಂಚುಗಳು ತುಂಬಿದ್ದವು. ಹಡಗಿನ ತುದಿಯ ಬೆಂಚಿನಲ್ಲಿ ಇಬ್ಬರು ಗಂಡಸರ ಪಕ್ಕ ಕೂತಿದ್ದ ಹಸಿರು ಬಳೆಯವಳು ಕೈ ಚಾಚಿದಳು.

"ಕೊಡಿ ಅಕ್ಕಾ ಇಲ್ಲಿ ಮಗೂನ. ನೀವು ಜಾಗ ನೋಡ್ಕಣಿ."

ಕೊಟ್ಟೆ.

ಇದನ್ನು ಬೇರೆ ಊರಿನವರಿಗೆ ಹೇಗೆ ಹೇಳಲಿ? ನಮ್ಮ ಕಡೆ ತುಂಬಿದ ಬಸ್ಸಿನಲ್ಲಿ ನಿಂತವರ ಮಗು ಕೂತವರ ಮಡಿಲಿಗೆ ಹೋಗುತ್ತದೆ. ಹೆಸರು, ಜಾತಿ, ಊರು ಯಾರೂ ಕೇಳುವುದಿಲ್ಲ. ಮೀನಿನ ಬುಟ್ಟಿಯವರು, ಬುರ್ಖಾದವರು, ಆಫೀಸಿಗೆ ಹೋಗುವವರು, ಯಾರ ಮಡಿಲಾದರೂ ಆದೀತು. ಕೊಡದಿದ್ದರೆ ಅವರಿಗೆ ಬೇಸರ. ನಾನೂ ಎಷ್ಟು ಮಕ್ಕಳನ್ನು ಹಾಗೆ ಕೂರಿಸಿಕೊಂಡಿದ್ದೆನೋ, ಮಗನನ್ನು ಎಷ್ಟು ಸಲ ಹಾಗೆ ಕೊಟ್ಟಿದ್ದೆನೋ. ಕೈ ತಾನಾಗಿ ಮುಂದೆ ಹೋಯಿತು. ಇದು ಬಸ್ಸಲ್ಲ ಎಂದು ತಲೆಗೆ ಹೊಳೆಯಲಿಲ್ಲ.

ನಾನು ಇನ್ನೊಂದು ತುದಿಯವರೆಗೆ ಹೋದೆ. ಜಾಗವಿರಲಿಲ್ಲ. ತಿರುಗಿ ನೋಡಿದಾಗ ನಡೆಸುವವನು ಬೆಂಚುಗಳ ಕಬ್ಬಿಣದ ಸರಳನ್ನು ಒಂದೊಂದಾಗಿ ಕೂತವರ ತೊಡೆಯ ಮೇಲೆ ಇಳಿಸಿ ಕೊಂಡಿ ಹಾಕುತ್ತ ಬರುತ್ತಿದ್ದ. ತುದಿಯ ಬೆಂಚಿನಲ್ಲಿ ಮಗುವಿನ ಮಂಡಿ ಅಡ್ಡ ಬಂತು. ಸರಳು ಪೂರ್ತಿ ಇಳಿಯಲಿಲ್ಲ, ಕೊಂಡಿ ಬೀಳಲಿಲ್ಲ. ಅವನು ಒಮ್ಮೆ ಒತ್ತಿದ, ಮಗು ಅತ್ತಿತು, ಹಾಗೇ ಬಿಟ್ಟ. ನಾನು ಅದನ್ನು ಕಂಡೆ. ಕಂಡೂ, ನನಗೆಲ್ಲಿ ಜಾಗ ಎಂದಷ್ಟೇ ನೋಡುತ್ತಿದ್ದೆ.

"ಅಕ್ಕಾ, ಇಳೀರಿ. ನಿಮ್ದು ಮುಂದಿನ ರೌಂಡು," ಅಂದ ಅವನು.

"ನನ್ನ ಮಗು ಅಲ್ಲಿದೆ!"

"ಇರ್ಲಿ ಬಿಡಿ, ಹಿಡ್ಕಂಡಿದ್ದಾರಲ್ಲ. ಮೂರು ನಿಮಿಷ."

ನನ್ನನ್ನು ಕೆಳಗಿಳಿಸಿ ಗೇಟು ಹಾಕಿ ಗಂಟೆ ಹೊಡೆದ. ಮೋಟಾರು ಶುರುವಾಯಿತು.

ಮೊದಲ ತೂಗು ಮೆಲ್ಲಗೆ. ಮಗ ನನ್ನನ್ನು ನೋಡಿ ಕೈ ಬೀಸಿದ. ನಾನೂ ಬೀಸಿದೆ. ಎರಡನೆಯದು, ಮೂರನೆಯದು. ನಾಲ್ಕನೆಯ ಸಲ ಹಡಗು ನನ್ನ ಕಡೆ ಏರಿದಾಗ ಅವಳು ಎರಡೂ ತೋಳಿನಿಂದ ಅವನನ್ನು ಅವಚಿಕೊಂಡಿದ್ದು ಕಾಣಿಸಿತು. ಸರಳು ಎದೆಯ ಮಟ್ಟದಲ್ಲಿ ಸುಮ್ಮನೆ ಅಲ್ಲಾಡುತ್ತಿತ್ತು. ಅವಳಿಗೆ ಹಿಡಿದುಕೊಳ್ಳಲು ಬೆಂಚಿನ ಹಿಂದಿನ ಕಂಬಿ ಮಾತ್ರ ಇತ್ತು. ಅದನ್ನು ಹಿಡಿಯಬೇಕೆಂದರೆ ಮಗುವಿನಿಂದ ಒಂದು ಕೈ ತೆಗೆಯಬೇಕು.

"ನಿಲ್ಸಿ! ನಿಲ್ಸಿ!" ಎಂದು ಕೂಗಿದೆ.

"ಎಂತ ಆಗುದಿಲ್ಲ ಅಕ್ಕಾ, ಹೆದರ್ಬೇಡಿ." ಅವನು ತಿರುಗಿಯೂ ನೋಡಲಿಲ್ಲ.

ನಾನು ಗೇಟಿನ ಮೇಲಿಂದ ಅವನ ಟವೆಲ್ಲು ಹಿಡಿದು ಎಳೆದೆ. ಆಗ ಮೇಲೆ ನೋಡಿದ. ಅವನ ಬಾಯಿ ತೆರೆದುಕೊಂಡಿತು. ಅವಳ ಎಡಗೈ ಹಿಂದಿನ ಕಂಬಿಯನ್ನು ಹಿಡಿದಿತ್ತು. ಮಗ ಅವಳ ಮಡಿಲಿನಿಂದ ಜಾರಿ ಬೆಂಚಿಗೂ ಸರಳಿಗೂ ನಡುವೆ ಹೊರಬಿದ್ದಿದ್ದ. ಅವನ ಒಂದು ತೋಳು ಮಾತ್ರ ಅವಳ ಬಲಗೈಯಲ್ಲಿತ್ತು.

ನಡೆಸುವವನು ಮೋಟಾರು ಬಂದ್ ಮಾಡಿದ. ಬ್ರೇಕಿನ ಹಿಡಿಕೆಯ ಮೇಲೆ ಕೈಯಿಟ್ಟವನು ಎಳೆಯಲಿಲ್ಲ.

"ಎಳೀರಿ!"

"ಈಗ ಎಳದ್ರೆ ಜಗ್ಗುತ್ತದೆ ಅಕ್ಕಾ. ಕೈ ತಪ್ತದೆ. ತಾನಾಗೇ ನಿಲ್ಬೇಕು."

ಅವನು ಹೇಳಿದ್ದು ಸರಿ ಎಂದು ನನಗೆ ತಿಳಿಯಿತು. ಆ ಓದು ಅಷ್ಟಕ್ಕಾದರೂ ಬಂತು. ಹಡಗು ತಾನಾಗಿ ನಿಲ್ಲುವವರೆಗೆ ಹನ್ನೊಂದು ಸಲ ತೂಗಿತು. ಹೋಗುವಾಗ ಮಗ ಕಾಣಿಸುತ್ತಿರಲಿಲ್ಲ, ಬರುವಾಗ ಕಾಣಿಸುತ್ತಿದ್ದ. ಕಾಣಿಸದಿರುವಾಗ ಸಿಮೆಂಟು ನೆಲವನ್ನು ನೋಡುತ್ತಿದ್ದೆ. ಅದೊಂದೇ ಈಗಲೂ ನಿದ್ದೆಯಲ್ಲಿ ಬರುತ್ತದೆ, ಖಾಲಿ ನೆಲ. ಪಕ್ಕದ ಗಂಡಸು ನಡುವೆ ಯಾವಾಗಲೋ ಮಗನ ಚಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದು ಎಷ್ಟನೇ ತೂಗಿನಲ್ಲಿ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ನಿಂತ ಮೇಲೆ ಅವಳೇ ಮಗನನ್ನು ಎತ್ತಿಕೊಂಡು ಇಳಿದು ಬಂದಳು. ಬಳೆ ಒಡೆದು ಮುಂಗೈಗೆ ಚುಚ್ಚಿ ರಕ್ತ ಸೋರುತ್ತಿತ್ತು. ಮಗನ ಅಂಗಿಯ ಮೇಲೆಲ್ಲ ಅವಳ ರಕ್ತ. ನಾನು ಅವನನ್ನು ಕಸಿದುಕೊಂಡೆ.

"ಹಿಡ್ಕಳೂಕೆ ಬರದಿದ್ರೆ ಎಂತಕ್ಕೆ ತಕಂಡ್ಯೇ? ಕೊಲ್ಲೂಕಾ?" ಅಂದೆ.

ಅವಳು ಏನೋ ಹೇಳಹೋದಳು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. "ಕಂಡೋರ ಮಕ್ಕಳ ಉಸಾಬರಿ ಎಂತಕ್ಕೆ ಬೇಕಿತ್ತು?" ಅಂತ ಒಬ್ಬರು. "ಈಗಿನ ಹುಡ್ಗೀರಿಗೆ ಎಲ್ಲಾ ಆಟ," ಅಂತ ಇನ್ನೊಬ್ಬರು. ನಡೆಸುವವನಿಗೂ ಅದೇ ಅನುಕೂಲವಾಯಿತು, ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಅವಳು ಸೆರಗಿನಿಂದ ಕೈ ಒತ್ತಿಕೊಂಡು ತನ್ನ ಟೆಂಪೋದ ಕಡೆ ನಡೆದಳು. ಒಮ್ಮೆ ತಿರುಗಿ ನೋಡಿದಳು, ನನ್ನನ್ನಲ್ಲ, ಮಗನನ್ನು.

ಮಗ ಬಲಗೈ ಎತ್ತುತ್ತಿರಲಿಲ್ಲ. ಕುಮಟೆಗೆ ಬಂದು ಬಸ್ಸಿಳಿದು ನೇರ ಡಾಕ್ಟರ ಮನೆಗೆ ಹೋದೆ. ವಯಸ್ಸಾದವರು. ಮೊಣಕೈ ಹಿಡಿದು ಒಮ್ಮೆ ತಿರುಗಿಸಿದರು, ಕಟಕ್ ಎಂದಿತು, ಮಗ ಕಿರುಚಿದ, ಆಮೇಲೆ ಅದೇ ಕೈಯಲ್ಲಿ ಅವರ ಪೆನ್ನು ಹಿಡಿದ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಡಾಕ್ಟರು ಅದನ್ನು ನೋಡಿ, "ಯಾರು ಹಿಡಿದದ್ದು ಇದು? ಗಟ್ಟಿ ಹಿಡಿದಿದ್ದಾರೆ," ಅಂದರು. ನಾನು ಮಗನ ಅಂಗಿಯ ತೋಳನ್ನು ಕೆಳಗೆಳೆದೆ.

ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಅಂಗಿಯ ರಕ್ತ ನೋಡಿ ಅತ್ತೆ ಅಂಗಳದಲ್ಲೇ ಕುಸಿದು ಕೂತರು. ಎಂತ ಆತು, ಎಂತ ಆತು ಎಂದು ಅವರು ಕೇಳುತ್ತಿದ್ದಾಗ ನನ್ನ ಬಾಯಿಂದ ಬಂದದ್ದು ಇಷ್ಟು: "ಯಾವ್ಳೋ ಒಬ್ಳು ನನ್ನ ಕೇಳದೆ ಮಗೂನ ಎತ್ಕಂಡು ಹೋಗಿ ಹಡಗಲ್ಲಿ ಕೂತ್ಲು ಅತ್ತೆ." ಯೋಚಿಸಿ ಹೇಳಿದ ಸುಳ್ಳಲ್ಲ. ಆದರೆ ಹೇಳಿದ ಮೇಲೆ ಯೋಚಿಸಿದೆ, ತಿದ್ದಲಿಲ್ಲ. ಮರುದಿನ ಗಂಡನಿಗೆ ಫೋನಿನಲ್ಲೂ ಅದನ್ನೇ ಹೇಳಿದೆ. ಅವರು ಇಂದಿಗೂ ಅದನ್ನೇ ನಂಬಿದ್ದಾರೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು.

ಆ ಸಂಜೆ ಅತ್ತೆ ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮಗನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿದರು. ಪ್ರತಿ ಸಲವೂ ಒಂದೇ ಮಾತು: "ಆ ಹಾಳು ಹೆಂಗ್ಸಿನ ಕಣ್ಣು ಹೋಗ್ಲಿ. ಅವ್ಳ ಕೈ ಮುರ್ದು ಬೀಳ್ಲಿ." ನಾನು ಮಗನ ಭುಜ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಮೂರೂ ಸಲ ಕೇಳಿದೆ. ಅವರು ಬಚ್ಚಲ ಒಲೆಗೆ ಮೆಣಸು ಹಾಕಿ ಬಗ್ಗಿ ಮೂಸಿದರು. ದೃಷ್ಟಿ ತಾಗಿದ್ದರೆ ಮೆಣಸು ಸುಟ್ಟರೂ ಘಾಟು ಬರುವುದಿಲ್ಲ ಎಂದು ಅವರ ನಂಬಿಕೆ.

"ಕಂಡ್ಯಾ? ಒಂದು ಚೂರು ಘಾಟಿಲ್ಲ. ಎಷ್ಟು ಕೆಟ್ಟವ್ಳಿರ್ಬೇಕು ಅವ್ಳು," ಅಂದರು.

ನನ್ನ ಕಣ್ಣಿನಲ್ಲಿ ಮೆಣಸಿನ ಹೊಗೆಗೆ ನೀರು ಸುರಿಯುತ್ತಿತ್ತು. "ಹೌದು ಅತ್ತೆ," ಅಂದೆ.